ಮನೆಯಲ್ಲಿ ಒಂದು ಭಾಷೆಯೋ, ಎರಡೋ?

ಹೊರದೇಶದಲ್ಲಿ ಮಗುವನ್ನು ಬೆಳೆಸುತ್ತಿರುವ ನೀವು, ಮನೆಯಲ್ಲಿ ಇಂಗ್ಲಿಷ್ ಒಂದೇ ಸಾಕೇ ಅಥವಾ ಕನ್ನಡವನ್ನೂ ಉಳಿಸಿಕೊಂಡರೆ ಬುದ್ಧಿ ಚುರುಕಾಗುವುದೇ ಎಂದು ಕೇಳಿದ್ದೀರಿ.

ಮೊದಲು ಮನೋನಿಯಂತ್ರಣದ, ಅಂದರೆ ಗಮನ ಸೆಳೆಯುವ ಬೇಡದ ಸಂಗತಿಯನ್ನು ಬದಿಗಿಟ್ಟು ಬೇಕಾದುದನ್ನೇ ಮಾಡುವ ಸಾಮರ್ಥ್ಯದ ವಿಚಾರ. ಪರದೆಯ ಎಡಬದಿಯಲ್ಲಿ ಚೌಕ ಮೂಡಿದರೂ ಅದರ ಬಣ್ಣ ನೋಡಿ ಬಲಗಡೆಯ ಗುಂಡಿಯನ್ನು ಒತ್ತಬೇಕಾದಂಥ ಪರೀಕ್ಷೆಯಲ್ಲಿ ದ್ವಿಭಾಷಿಕರು ಕಡಿಮೆ ತಡವರಿಸಿದರೆಂದು ಕೆನಡಾದ ಮನೋವಿಜ್ಞಾನಿ ಎಲೆನ್ ಬಿಯಾಲಿಸ್ಟಾಕ್ ಮತ್ತು ಸಂಗಡಿಗರು 2004ರಲ್ಲಿ ವರದಿ ಮಾಡಿದರು. ಆದರೆ ಒಂದು ಕೆಲಸದಿಂದ ಇನ್ನೊಂದಕ್ಕೆ ಮನಸ್ಸನ್ನು ಹೊರಳಿಸುವುದೂ ಸೇರಿದಂತೆ ವಯಸ್ಕರ ಇಂಥ ಸಾಮರ್ಥ್ಯಗಳ ಕುರಿತ 152 ಅಧ್ಯಯನಗಳನ್ನು ಒಟ್ಟಿಗೆ ತೂಗಿದ 2018ರ ವಿಶ್ಲೇಷಣೆಯಲ್ಲಿ, ಅನುಕೂಲಕರ ಫಲಿತಾಂಶಗಳೇ ಹೆಚ್ಚು ಪ್ರಕಟವಾಗುವ ಓರೆಯನ್ನು ಸರಿಪಡಿಸಿದ ಮೇಲೆ, ಆ ಲಾಭ ಉಳಿಯಲಿಲ್ಲ. ಇದೊಂದೇ ಕಾರಣಕ್ಕೆ ಕನ್ನಡವನ್ನು ಆರಿಸುವುದು ನನಗೆ ದುರ್ಬಲ ವಾದವಾಗಿ ಕಾಣುತ್ತದೆ.

ಇಳಿವಯಸ್ಸಿನ ಮಾತು ಬೇರೆ. ಹೈದರಾಬಾದಿನಲ್ಲಿ ಮರೆಗುಳಿತನದ 648 ರೋಗಿಗಳನ್ನು ಕುರಿತು ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಿಗೆ ರೋಗ ಸುಮಾರು 4.5 ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅನಕ್ಷರಸ್ಥರಲ್ಲೂ ಈ ಅಂತರವಿತ್ತು. ವಾರಕ್ಕೊಂದು ಗಂಟೆಯ ಪಾಠದಿಂದ ಇದನ್ನು ನಿರೀಕ್ಷಿಸುವಂತಿಲ್ಲ.

ಶ್ರಮದ ಲೆಕ್ಕದಲ್ಲಿ ಇಂಗ್ಲಿಷ್ ಒಂದೇ ಸುಲಭ. ಎರಡು ಭಾಷೆಗಳ ಮಗುವಿಗೆ ಪ್ರತಿ ಭಾಷೆಯಲ್ಲೂ ಪದಗಳು ತುಸು ಕಡಿಮೆಯಿರಬಹುದಾದರೂ ಎರಡನ್ನೂ ಕೂಡಿಸಿದರೆ ಕೊರತೆ ಕಾಣದು. ಮನೆಯಲ್ಲಿ ಯಾರಿಗೂ ಕನ್ನಡ ಸಲೀಸಲ್ಲವೆಂದರೆ ಒತ್ತಾಯ ಬೇಡ. ಕನ್ನಡ ಮಾತ್ರ ಬಲ್ಲ ಅಜ್ಜಿ ಊರಿನಲ್ಲಿದ್ದರೆ ಮಾತ್ರ, "ಅಜ್ಜಿ, ಮಿಲ್ಕ್ ಬೇಡ, ಮಜ್ಜಿಗೆ ಕೊಡು" ಎನ್ನುವಷ್ಟು ಬೆರಕೆಯ ಕನ್ನಡಕ್ಕಾದರೂ ಆ ಶ್ರಮ ಸಾರ್ಥಕ.