ವೆನಿಸ್‌ನಲ್ಲಿ ರೂಮು ಹಿಡಿಯುವ ಮೊದಲು ಸೇತುವೆ ಎಣಿಸಿ

ವೆನಿಸ್‌ಗೆ ಹೋಗುವವರೆಲ್ಲ ರೂಮು ಹುಡುಕುವಾಗ ಸ್ಯಾನ್ ಮಾರ್ಕೊ ಚೌಕ ಎಷ್ಟು ಹತ್ತಿರ ಅಂತ ನೋಡುತ್ತಾರೆ. ನನ್ನ ಕೇಳಿದರೆ ಅದು ಆಮೇಲಿನ ಮಾತು. ರೈಲು ಅಥವಾ ದೋಣಿ ಇಳಿದ ಜಾಗದಿಂದ ರೂಮಿನ ಬಾಗಿಲಿನವರೆಗೆ ಎಷ್ಟು ಸೇತುವೆ ಹತ್ತಿ ಇಳಿಯಬೇಕು, ಅದನ್ನು ಮೊದಲು ಕೇಳಿ. ಆ ಊರಲ್ಲಿ 400ಕ್ಕೂ ಜಾಸ್ತಿ ಸೇತುವೆಗಳಿವೆ, ಹೆಚ್ಚಿನವಕ್ಕೆಲ್ಲ ಮೆಟ್ಟಿಲು. ಕಾರಿಲ್ಲ, ಬೈಕಿಲ್ಲ, ಸೈಕಲ್ ಕೂಡ ಓಡಿಸುವ ಹಾಗಿಲ್ಲ. ದಾವಣಗೆರೆಯಲ್ಲಿ ಮನೆ ಬಾಗಿಲಿಗೇ ಆಟೋ ಬರುತ್ತದೆ, ಅಲ್ಲಿ 20 ಕೆ.ಜಿ. ಸೂಟ್‌ಕೇಸ್ ಎತ್ತಿಕೊಂಡು ಮೆಟ್ಟಿಲು ಹತ್ತುವವರು ನೀವೇ.

ವಿದ್ಯಾನಗರದ ಕಡೆಯ ಪರಿಚಯದವರು ಮುಂದಿನ ಬೇಸಿಗೆ ರಜೆಗೆ ಹೊರಟಿದ್ದಾರೆ, ಅವರ ಜೊತೆಗೂ ವಯಸ್ಸಾದವರಿದ್ದಾರೆ, ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ. ನಾವು ಹೋಗಿದ್ದು ನಮ್ಮ ಮನೆಯವರು, ಅತ್ತೆ, ಇಬ್ಬರು ಮಕ್ಕಳ ಜೊತೆ. ಅತ್ತೆಗೆ ಮಂಡಿನೋವು. ಹಾಗಾಗಿ ಕನ್ನರೇಜೊ ಅನ್ನುವ ಭಾಗದಲ್ಲಿ, ಲಿಸ್ತಾ ದಿ ಸ್ಪಾನ್ಯಾ ಬೀದಿಯ ಹತ್ತಿರ ಅಡುಗೆಮನೆ ಇರುವ ಒಂದು ಸಣ್ಣ ಮನೆ ಹಿಡಿದೆವು. ಸಾಂತಾ ಲುಚಿಯಾ ಸ್ಟೇಷನ್‌ನಿಂದ ಹೊರಗೆ ಬಂದು ಎಡಕ್ಕೆ ತಿರುಗಿದರೆ ಗುಲ್ಯೆ ಸೇತುವೆ ಬರುವವರೆಗೂ ಒಂದೇ ಒಂದು ಮೆಟ್ಟಿಲು ಇಲ್ಲ. ಚೀಲ ಎಳೆದುಕೊಂಡು ನೇರ ಮನೆಗೆ. ಬೀದಿ ಅಂಥ ಚೆಂದವೇನಲ್ಲ, ಪ್ರವಾಸಿಗರ ಅಂಗಡಿಗಳೇ ಜಾಸ್ತಿ. ಆದರೆ ಅತ್ತೆ ಮಧ್ಯಾಹ್ನ ಬಂದು ಒಂದು ತಾಸು ಮಲಗಿ, ಸಂಜೆ ಐದಕ್ಕೆ ಮತ್ತೆ ಹೊರಗೆ ಬರುತ್ತಿದ್ದರು. ನಮ್ಮ ಪ್ರವಾಸ ಸುಖವಾಗಿದ್ದಕ್ಕೆ ದೊಡ್ಡ ಕಾರಣ ಅದೇ.

ಮೆಸ್ತ್ರೆಯಲ್ಲಿ ಅಗ್ಗ ಅಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಹೌದು, ಅಗ್ಗ. ಅದು ನೀರಿನ ಈಚೆ ದಡದ ಊರು, ರೂಮು ದೊಡ್ಡವು, ಲಿಫ್ಟ್ ಸಿಗುತ್ತದೆ, ವೆನಿಸ್‌ಗೆ ರೈಲಿನಲ್ಲಿ ಹತ್ತು ನಿಮಿಷದ ಆಸುಪಾಸು. ಬೆಳಿಗ್ಗೆ ಹೊರಟು ರಾತ್ರಿ ವಾಪಸ್ ಬರುವ ಹುಡುಗರಿಗೆ ಸುಮ್ನೆ ಅದನ್ನೇ ಹಿಡಿಯಿರಿ ಅಂತ ಹೇಳುತ್ತೇನೆ. ವಯಸ್ಸಾದವರು, ಸಣ್ಣ ಮಕ್ಕಳು ಇದ್ದರೆ ಮಾತ್ರ ಬೇಡ, ಮಧ್ಯಾಹ್ನ ವಾಪಸ್ ಹೋಗಿ ಬರುವುದು ಅಂದರೆ ಮತ್ತೆ ಸ್ಟೇಷನ್, ಮತ್ತೆ ರೈಲು, ಕೊನೆಗೆ ಯಾರೂ ಹೋಗುವುದೇ ಇಲ್ಲ. ಇನ್ನೊಂದು, ಎರಡೂ ಸ್ಟೇಷನ್ ಹೆಸರಿನಲ್ಲಿ ವೆನೆಜಿಯಾ ಅಂತಲೇ ಇರುತ್ತದೆ. ವೆನೆಜಿಯಾ ಮೆಸ್ತ್ರೆ ದಡದ ಮೇಲಿನದು, ವೆನೆಜಿಯಾ ಸಾಂತಾ ಲುಚಿಯಾ ದ್ವೀಪದ್ದು.

ಮನೆಯ ಬಗ್ಗೆ ಒಂದು ದೂರಿದೆ. ಗೀಸರ್ ಸಣ್ಣದು, ಇಬ್ಬರ ಸ್ನಾನ ಆಗುವಷ್ಟರಲ್ಲಿ ಬಿಸಿನೀರು ಖಾಲಿ, ಐದು ಜನರಿಗೆ ಬಾಡಿಗೆ ಕೊಡುವವರು ಅದನ್ನು ಮೊದಲೇ ಹೇಳಬೇಕಿತ್ತು. ಲಿಫ್ಟ್ ಇಲ್ಲ ಅಂತ ಹೇಳಿದ್ದರು, ಮೊದಲ ಮಹಡಿ ಆದ್ದರಿಂದ ನಡೆಯಿತು. ಹಳೆಯ ಕಟ್ಟಡಗಳು, ಹೀಗಾಗಿ ಮಹಡಿ ಎಷ್ಟನೆಯದು ಅಂತ ಕೇಳದೆ ದುಡ್ಡು ಕಟ್ಟಬೇಡಿ. ಬಚ್ಚಲಲ್ಲಿ ಬಕೆಟ್, ಚೊಂಬು ಇರುವುದಿಲ್ಲ, ಆದರೆ ಕಮೋಡಿನ ಪಕ್ಕ ಬಿಡೆ ಇರುತ್ತದೆ, ಅಂದರೆ ತೊಳೆದುಕೊಳ್ಳಲು ನಲ್ಲಿ ಇರುವ ಸಣ್ಣ ಬೇಸಿನ್. ಮನೆಗಳಲ್ಲಿ ಅದು ಇರಲೇಬೇಕು ಅಂತ ಇಟಲಿಯಲ್ಲಿ 1975ರಿಂದ ನಿಯಮವೇ ಇದೆ. ನಮ್ಮವರಿಗೆ ಇದೊಂದು ದೊಡ್ಡ ಅನುಕೂಲ! ಊಟಕ್ಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಒಯ್ದಿದ್ದೆವು. ಅಕ್ಕಿ, ಮೊಸರು ಅಲ್ಲಿನ ಸೂಪರ್ ಮಾರ್ಕೆಟ್‌ನಲ್ಲಿ ಸಿಗುತ್ತದೆ. ಬೆಣ್ಣೆ, ತುಪ್ಪ, ಪೇಡೆ ಮಾತ್ರ ಇಲ್ಲಿಂದ ಕಟ್ಟಿಕೊಂಡು ಹೋಗಬೇಡಿ, ಹಾಲಿನ ಪದಾರ್ಥ ಹೊರಗಿನಿಂದ ಒಳಗೆ ತರುವ ಹಾಗಿಲ್ಲ.

ಇನ್ನು ಓಡಾಟ. ಅಲ್ಲಿ ಸಿಟಿ ಬಸ್ ಅಂದರೆ ವಪೊರೆಟ್ಟೊ, ಅಂದರೆ ದೋಣಿ. ಒಂದು ಟಿಕೆಟ್ 9.50 ಯೂರೋ, 75 ನಿಮಿಷ ನಡೆಯುತ್ತದೆ. ನಮ್ಮ ದುಡ್ಡಲ್ಲಿ ಸಾವಿರದ ಹತ್ತಿರ, ತುಂಬಾ ದುಬಾರಿ. ಒಂದು ದಿನದ ಪಾಸ್ 25 ಯೂರೋ, 72 ಗಂಟೆಯದು 45. ಗಟ್ಟಿಯಾಗಿ ನಡೆಯುವವರಿಗೆ ಪಾಸ್ ಬೇಕಾಗುವುದಿಲ್ಲ, ಊರು ಅಷ್ಟು ಚಿಕ್ಕದು. ಮಂಡಿನೋವಿನವರಿದ್ದರೆ ಯೋಚಿಸದೆ 72 ಗಂಟೆಯದು ತಗೊಳ್ಳಿ, ಮುರಾನೊ, ಬುರಾನೊ ದ್ವೀಪಗಳಿಗೂ ಅದೇ ಸಾಕು. ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. 6ರಿಂದ 29 ವರ್ಷದವರು ರೋಲಿಂಗ್ ವೆನಿಸ್ ಅನ್ನುವ ಕಾರ್ಡ್ ಮಾಡಿಸಿದರೆ ಮೂರು ದಿನದ ಪಾಸ್ ಕಡಿಮೆಗೆ ಸಿಗುತ್ತದೆ, ಕಾಲೇಜು ಮಕ್ಕಳಿದ್ದರೆ ಮರೆಯಬೇಡಿ. ಪಾಸ್ ಇದ್ದರೂ ಪ್ರತಿ ಸಲ ಹತ್ತುವ ಮೊದಲು ಮಷೀನಿಗೆ ತೋರಿಸಲೇಬೇಕು. ಏರ್‌ಪೋರ್ಟಿನಿಂದ ಬರುವ ದೋಣಿಗೆ ಈ ಪಾಸ್ ನಡೆಯುವುದಿಲ್ಲ, ಅದಕ್ಕೆ ಬೇರೆ ಟಿಕೆಟ್. ಬಸ್ಸಿನಲ್ಲಿ ಬಂದರೆ ಪಿಯಾಝಾಲೆ ರೋಮಾದಲ್ಲಿ ಇಳಿಯಬೇಕು, ಗಾಡಿಗಳಿಗೆ ಅದೇ ಕೊನೆ.

ಒಂದನೇ ನಂಬರ್ ದೋಣಿ ದಾವಣಗೆರೆ–ಹರಿಹರ ಬಸ್ಸಿನ ಹಾಗೆ ಸ್ಟಾಪ್ ಸ್ಟಾಪಿಗೂ ನಿಲ್ಲುತ್ತದೆ. ನಿಲ್ಲಲಿ, ಊರಿನ ನಡುವಿನ ದೊಡ್ಡ ಕಾಲುವೆ ಗ್ರ್ಯಾಂಡ್ ಕೆನಾಲ್ ಪೂರ್ತಿ, ಎರಡೂ ಕಡೆಯ ಹಳೆಯ ಅರಮನೆಗಳನ್ನು ಕೂತಲ್ಲೇ ನೋಡಬಹುದು. ಅತ್ತೆ ಸಂಜೆ ಅದರಲ್ಲೇ ಒಂದು ಸುತ್ತು ಹೊಡೆಯೋಣ ಅನ್ನುತ್ತಿದ್ದರು. ಬೇಗ ಹೋಗಬೇಕಾದರೆ ಎರಡನೇ ನಂಬರ್.

ಗೊಂಡೋಲಾ, ಅಂದರೆ ಹುಟ್ಟು ಹಾಕಿ ನಡೆಸುವ ಉದ್ದನೆಯ ದೋಣಿ, ಹಗಲಲ್ಲಿ ಅರ್ಧ ಗಂಟೆಗೆ 90 ಯೂರೋ, ಅದು ಇಡೀ ದೋಣಿಗೆ. ಐದು ಜನ ಹಂಚಿಕೊಂಡರೆ ಪರವಾಗಿಲ್ಲ. ಅಷ್ಟು ಬೇಡ ಅಂದರೆ ಟ್ರಾಗೆಟ್ಟೊ ಹತ್ತಿ, ಅದೇ ಥರದ ದೋಣಿ, 2 ಯೂರೋಗೆ ಗ್ರ್ಯಾಂಡ್ ಕೆನಾಲ್‌ನ ಆಚೆ ದಡಕ್ಕೆ ಬಿಡುತ್ತದೆ. ಹತ್ತುವಾಗ ಅಲುಗಾಡುತ್ತದೆ, ವಯಸ್ಸಾದವರ ಕೈ ಹಿಡಿದುಕೊಳ್ಳಿ.

ರೂಮು ಬುಕ್ ಮಾಡಿದ ಮೇಲೆ ಬೀದಿಯ ಹೆಸರು ಕೇಳಿ ಬರೆದಿಟ್ಟುಕೊಳ್ಳಿ. ಅಲ್ಲಿ ಆರು ಭಾಗಗಳಿವೆ, ವಿಳಾಸದಲ್ಲಿ ಭಾಗದ ಹೆಸರು, ಒಂದು ಉದ್ದದ ನಂಬರ್ ಅಷ್ಟೇ ಇರುತ್ತದೆ, ಅದನ್ನು ಹಿಡಿದು ಮನೆ ಹುಡುಕುವುದು ಕಷ್ಟ. ವೀಸಾಗೂ ರೂಮಿನ ಬುಕಿಂಗ್ ಬೇಕು, ಹಾಗಾಗಿ ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಬರುವಂಥದ್ದನ್ನೇ ಹಿಡಿಯಿರಿ. ಬಾಡಿಗೆ ಅಲ್ಲದೆ ತಲೆಗೆ, ರಾತ್ರಿಗೆ ಇಷ್ಟು ಅಂತ ಊರಿನ ತೆರಿಗೆ ಬೇರೆ ಇದೆ. 2024ರಿಂದ ಕೆಲವು ದಿನ ಹಗಲು ಬಂದು ಹೋಗುವವರಿಗೆ ಪ್ರವೇಶ ಶುಲ್ಕವನ್ನೂ ಹಾಕುತ್ತಿದ್ದಾರೆ. ರಾತ್ರಿ ಉಳಿಯುವವರು, ಮೆಸ್ತ್ರೆಯಲ್ಲಿ ಉಳಿದವರೂ, ಅದನ್ನು ಕಟ್ಟಬೇಕಿಲ್ಲ, ಆದರೆ ಆ ದಿನಗಳಿಗೆ ಆನ್‌ಲೈನ್‌ನಲ್ಲಿ ವಿನಾಯಿತಿ ಕೋಡ್ ತೆಗೆದುಕೊಂಡು ಮೊಬೈಲ್‌ನಲ್ಲಿ ಇಟ್ಟುಕೊಂಡಿರಬೇಕು.