ಸೋರುವ ಸ್ಟೋಮಾ ಚೀಲಕ್ಕೆ ಪೇಸ್ಟಿಗಿಂತ ರಿಂಗ್ ವಾಸಿ

ಸ್ಟೋಮಾಗೆ (ಮಲ ಹೊರಬರಲು ಆಪರೇಷನ್ ಮಾಡಿ ಹೊಟ್ಟೆಯ ಮೇಲೆ ಮಾಡಿದ ದ್ವಾರ) ಅಂಟಿಸಿದ ಚೀಲ ಸೋರಿದೊಡನೆ ಮೇಲೊಂದು ಪ್ಲಾಸ್ಟರ್ ಅಂಟಿಸುವವರೇ ಹೆಚ್ಚು. ಅದು ದಂಡ. ಒಳಗೆ ಸಿಕ್ಕಿಕೊಂಡ ಮಲ ಚರ್ಮವನ್ನು ಸುಡುತ್ತದೆ. ಇಲಿಯಾಸ್ಟಮಿಯಲ್ಲಂತೂ (ಸಣ್ಣ ಕರುಳಿನಿಂದ ಮಾಡಿದ ಸ್ಟೋಮಾ) ಜೀರ್ಣರಸವೂ ಸೇರಿರುವುದರಿಂದ ಬೇಗ ಹುಣ್ಣಾಗುತ್ತದೆ.

ಮೇಣದ ಹಾಗೆ ಮೆತ್ತಗಿರುವ ಬ್ಯಾರಿಯರ್ ರಿಂಗ್ ಚೀಲಕ್ಕೂ ಚರ್ಮಕ್ಕೂ ನಡುವೆ ಕೂತು ಹೊಟ್ಟೆಯ ಮಡಿಕೆ, ಗುಳಿಗಳನ್ನು ತುಂಬುತ್ತದೆ. ಪೇಸ್ಟಿನ ಕೆಲಸವೂ ಅದೇ (ಅದು ಅಂಟಲ್ಲ, ಸಂದು ಮುಚ್ಚುವ ಗಾರೆ), ಆದರೆ ಆಲ್ಕೋಹಾಲ್ ಇರುವ ಪೇಸ್ಟ್ ಕಿತ್ತ ಚರ್ಮಕ್ಕೆ ವಿಪರೀತ ಉರಿ.

ಬೆಳಿಗ್ಗೆ ತಿಂಡಿಗೆ ಮುಂಚೆ ಚೀಲ ಬದಲಿಸಿ, ಆಗ ಸ್ಟೋಮಾ ಸುಮ್ಮನಿರುತ್ತದೆ. ಚರ್ಮವನ್ನು ಬರೀ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ; ಕೊಬ್ಬರಿ ಎಣ್ಣೆ ಹಚ್ಚಿದರೆ ಯಾವುದೂ ಅಂಟದು. ರಿಂಗನ್ನು ಬೆರಳಲ್ಲಿ ಹಿಗ್ಗಿಸಿ ಸ್ಟೋಮಾದ ಬುಡಕ್ಕೆ ಕೂರಿಸಿ. ಚೀಲದ ತೂತು ಸ್ಟೋಮಾಗಿಂತ 2–3 ಮಿ.ಮೀ. ಮಾತ್ರ ದೊಡ್ಡದಿರಲಿ. ಅಂಟಿಸಿ, ಅಂಗೈ ಬಿಸಿ ತಾಗುವಂತೆ ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಆಪರೇಷನ್ ಆದ ಮೊದಲ 6–8 ವಾರ ಸ್ಟೋಮಾ ಕುಗ್ಗುತ್ತಲೇ ಇರುತ್ತದೆ, ಹಳೇ ಅಳತೆಗೆ ಕತ್ತರಿಸಬೇಡಿ.

ಕೊರತೆ? ಖರ್ಚು ಹೆಚ್ಚುತ್ತದೆ. ಕೋಲಾರದ ಏಪ್ರಿಲ್ ಬಿಸಿಲಲ್ಲಿ ರಿಂಗನ್ನು ಬೈಕಿನ ಡಿಕ್ಕಿಯೊಳಗಿಟ್ಟರೆ ಕರಗಿ ಅಂಟಂಟಾಗುತ್ತದೆ, ಬೆವರಿಗೂ ಬೇಗ ಸಡಿಲ. ಚೀಲ ಮೂರರಲ್ಲಿ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡದಿದ್ದರೆ ಭಾರಕ್ಕೆ ರಿಂಗೂ ಕಿತ್ತು ಬರುತ್ತದೆ. ಸ್ಟೋಮಾ ಒಳಕ್ಕಿಳಿದಿದ್ದರೆ ರಿಂಗೊಂದೇ ಸಾಲದು, ಉಬ್ಬು ತಳದ ಚೀಲದ ಬಗ್ಗೆ ನರ್ಸನ್ನು ಕೇಳಿ.