ಹಲ್ಲಿನ ಇಂಜೆಕ್ಷನ್ ಹಿಡಿಯದಿದ್ದರೆ ಸುಮ್ನೆ ಬಾಯಿ ತೆರೆದು ಕೂರಬೇಡಿ

ಎರಡು ವರ್ಷದ ಹಿಂದೆ ಕೆಳಗಿನ ದವಡೆ ಹಲ್ಲು ಕೀಳಿಸಲು ಹೋಗಿದ್ದೆ. ಇಂಜೆಕ್ಷನ್ ಕೊಟ್ಟು ಹತ್ತು ನಿಮಿಷ ಹೊರಗೆ ಕೂರಿಸಿದರು. ತುಟಿ ಒಂದು ಕಡೆ ದಪ್ಪಗಾಯಿತು. ಡಾಕ್ಟರು ಒಸಡಿಗೆ ಚುಚ್ಚಿ "ಗೊತ್ತಾಗುತ್ತಾ?" ಅಂದರು. "ಚುರುಕ್ ಅಂತು ಸಾರ್" ಅಂದೆ. "ಅದು ಬರೀ ಒತ್ತಿದ ಹಾಗೆ ಅನಿಸೋದು, ನೋವಲ್ಲ." ನನ್ನ ಬಾಯಿ, ನನಗೆ ಗೊತ್ತಾಗಲ್ವಾ?

ಇಕ್ಕಳ ಹಾಕಿ ಅಲ್ಲಾಡಿಸಿದಾಗ ಕಾಲು ತಾನಾಗೇ ಕುರ್ಚಿಯಿಂದ ಮೇಲೆದ್ದಿತು. ಇನ್ನೊಂದು ಇಂಜೆಕ್ಷನ್. ಮತ್ತೊಂದು. ಆಮೇಲೆ ನರ್ಸ್ ತಲೆ ಗಟ್ಟಿ ಹಿಡಿದುಕೊಂಡರು. "ಇಷ್ಟು ಹೆದರಿದ್ರೆ ಹೇಗಮ್ಮ?" ಹಲ್ಲು ಬಂತು. ಆಟೋ ಮನೆ ಮುಟ್ಟುವಷ್ಟರಲ್ಲಿ ತುಟಿಯ ಜೋಮು ಪೂರ್ತಿ ಇಳಿದಿತ್ತು. ಬೇರೆಯವರಿಗೆ ಅದು ಗಂಟೆಗಟ್ಟಲೆ ಇರುತ್ತದೆ. ನಾನೇ ಪುಕ್ಕಲಿ ಅಂದುಕೊಂಡು ಸುಮ್ಮನಾದೆ.

ಆಮೇಲೆ ಭುಜ ಪದೇ ಪದೇ ಜಾರುತ್ತದೆ ಅಂತ ಕೀಲು ಡಾಕ್ಟರ ಹತ್ತಿರ ಹೋದೆ. ಕಿರುಬೆರಳು, ಹೆಬ್ಬೆರಳು, ಮೊಣಕೈ, ಮಂಡಿ ಬಗ್ಗಿಸಿ ನೋಡಿದರು. ಕೀಲು ಎಷ್ಟು ಸಡಿಲ ಅನ್ನುವುದಕ್ಕೆ 9ಕ್ಕೆ 7 ಅಂಕ. ಶಾಲೆಯಲ್ಲಿ ಹೆಬ್ಬೆರಳನ್ನು ಮುಂಗೈಗೆ ಮುಟ್ಟಿಸಿ ಗೆಳತಿಯರನ್ನು ನಗಿಸುತ್ತಿದ್ದೆ, ಅದಕ್ಕೂ ಅಂಕ! ಎಹ್ಲರ್ಸ್-ಡಾನ್ಲೋಸ್ ಅಂದರು. ವಂಶದಲ್ಲಿ ಬರುವ ಕಾಯಿಲೆ, ಕೀಲು ಚರ್ಮ ಎಲ್ಲವನ್ನೂ ಹಿಡಿದಿಡುವ ಅಂಗಾಂಶವೇ ಸಡಿಲ. ನಾನೇನೂ ಹೇಳುವ ಮೊದಲೇ ಅವರು ಕೇಳಿದರು: "ಹಲ್ಲಿನ ಇಂಜೆಕ್ಷನ್ ನಿಮಗೆ ಸರಿಯಾಗಿ ಹಿಡಿಯುತ್ತಾ?" ಅಲ್ಲೇ ಅಳು ಬಂತು.

ಈ ಕಾಯಿಲೆಯವರಿಗೆ ಲಿಗ್ನೊಕೇನ್ (ಜೋಮು ಹಿಡಿಸುವ ಇಂಜೆಕ್ಷನ್ ಮದ್ದು) ಸಾಕಾಗುವುದಿಲ್ಲ, ಹಿಡಿದರೂ ಬೇಗ ಇಳಿಯುತ್ತದೆ ಅಂತ 1990ರಲ್ಲೇ ಡೆನ್ಮಾರ್ಕಿನ ವೈದ್ಯರು ಬರೆದಿದ್ದಾರೆ. ಯಾಕೆ ಅನ್ನುವುದಕ್ಕೆ ಇನ್ನೂ ಒಪ್ಪಿದ ಉತ್ತರ ಇಲ್ಲ. ಈ ಕಾಯಿಲೆ ಇರುವ ಎಲ್ಲರಿಗೂ ಹೀಗಾಗುವುದಿಲ್ಲ. ಕೀವು ತುಂಬಿದ ಹಲ್ಲಿಗೆ ಯಾರಿಗಾದರೂ ಇಂಜೆಕ್ಷನ್ ಸರಿಯಾಗಿ ಹಿಡಿಯದೇ ಇರಬಹುದು, ಮೈ ಬಾಗುವವರೆಲ್ಲ ಗಾಬರಿಯಾಗಬೇಡಿ.

ನಾನು ಮಾಡಿದ ತಪ್ಪು, ಇಕ್ಕಳ ಬಾಯೊಳಗೆ ಬಂದ ಮೇಲೆ ಬಾಯಿ ಬಿಟ್ಟಿದ್ದು. ಅಪಾಯಿಂಟ್‌ಮೆಂಟ್ ತಗೊಳ್ಳುವಾಗಲೇ ಹೇಳಬೇಕು. ಹೋದ ಸಲ ಬೇರೆ ಕಡೆ ಹೋದೆ, ಕೀಲು ಡಾಕ್ಟರ ಚೀಟಿ ತೋರಿಸಿದೆ. ಅಲ್ಲಿನ ಡಾಕ್ಟರು ಆರ್ಟಿಕೇನ್ ಅನ್ನುವ ಬೇರೆ ಜೋಮಿನ ಮದ್ದು ಕೊಟ್ಟು, ಜಾಸ್ತಿ ಹೊತ್ತು ಕಾದು, ತಣ್ಣನೆಯ ಹತ್ತಿ ಮುಟ್ಟಿಸಿ ನೋಡಿ, ಆಮೇಲೆ ಶುರು ಮಾಡಿದರು. ಕೈ ಎತ್ತಿದರೆ ನಿಲ್ಲಿಸಬೇಕು ಅಂತ ಮೊದಲೇ ಮಾತಾಗಿತ್ತು. ಒಂದೇ ಸಲ ಎತ್ತಿದೆ, ನಿಲ್ಲಿಸಿದರು.

ಹಿಡಿಯಲಿಲ್ಲ ಅಂತ ಮೇಲಿಂದ ಮೇಲೆ ಚುಚ್ಚಿಸಿಕೊಳ್ಳುವುದೂ ಬೇಡ. ಈ ಮದ್ದಿಗೆ ತೂಕದ ಲೆಕ್ಕದಲ್ಲಿ ಮಿತಿ ಇದೆ. ಕಿವಿ ಗುಂಯ್ ಅಂದರೆ, ಬಾಯಲ್ಲಿ ಲೋಹದ ರುಚಿ ಬಂದರೆ ತಕ್ಷಣ ಹೇಳಿ. ಮಿತಿ ಮುಟ್ಟಿದರೆ ಅವತ್ತಿಗೆ ಎದ್ದು ಬನ್ನಿ, ಇನ್ನೊಂದು ದಿನ ಬೇರೆ ದಾರಿ ಕೇಳಿ.

ತಂಗಿಯ ಹೆಬ್ಬೆರಳೂ ಮುಂಗೈಗೆ ಮುಟ್ಟುತ್ತದೆ. ಬರುವ ವಾರ ಅವಳಿಗೆ ರೂಟ್ ಕೆನಾಲ್. ನನ್ನ ಚೀಟಿಯ ಝೆರಾಕ್ಸ್ ಅವಳ ಪರ್ಸಿನಲ್ಲಿದೆ.